ಕಾಣೆಯಾದ ಮುನ್ನೂರ ಮೂವತ್ತಮೂರು

ನಮ್ಮಪ್ಪ ದೊಡ್ಡತಿಮ್ಮಪ್ಪ ಯಾವ ಸಾಮಾನಿನ ಮೇಲಿನ ಬರಹವನ್ನೂ ನಂಬಿದವನಲ್ಲ. ಹಿಂದೊಮ್ಮೆ ಏಳೂವರೆ ಎಚ್‌ಪಿ ಅಂತ ತಗಡು ಹೊಡೆದಿದ್ದ ಮೋಟಾರನ್ನು ಹಿರಿಯೂರಿನಿಂದ ತಂದಿದ್ದ. ಅದು ಐದು ಎಚ್‌ಪಿಯದು ಅಂತ ಗೊತ್ತಾಗುವಷ್ಟರಲ್ಲಿ ಮಾರಿದವನು ಅಂಗಡಿ ಎತ್ತಿಕೊಂಡು ಹೋಗಿಯಾಗಿತ್ತು. ಅಂದಿನಿಂದ ಬೆಂಕಿಪೊಟ್ಟಣ ತಂದರೂ ಕಡ್ಡಿ ಎಣಿಸುವ ಆಸಾಮಿಯಾದ. ಅಂಥವನ ಎದುರಿಗೆ ಎರಡು ಸಾವಿರದ ಒಂದನೇ ಇಸವಿಯಲ್ಲಿ ನಾನು ಕಂಪ್ಯೂಟರ್ ತಂದಿಟ್ಟೆ.

ಶ್ರೀರಾಂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಮಳಿಗೆ ಇತ್ತು. ಕೊಬ್ಬರಿ ಚೀಲ ಇಡುವ ಜಾಗ ಅದು. ನಾನು ದಿನಾ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಓಡಾಡಿ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ. ಆಮೇಲೆ ಎರಡು ವರ್ಷ ಮನೆಯಲ್ಲಿ ಕೂತೆ. ನೋಡಲು ಬಂದ ಗಂಡುಗಳಿಗೆಲ್ಲ ಉಪ್ಪಿಟ್ಟು ಕೊಟ್ಟೂ ಕೊಟ್ಟೂ ತಲೆ ಕೆಟ್ಟು ಹೋಗಿ, ಕೊನೆಗೊಂದು ದಿನ ಆ ಮಳಿಗೆ ನನಗೆ ಬೇಕು ಅಂದೆ. ಲಗ್ನಪತ್ರಿಕೆ, ಅರ್ಜಿ, ಕರಪತ್ರ ಟೈಪು ಮಾಡಿಕೊಡುತ್ತೇನೆ, ಹುಡುಗರಿಗೆ ಕಲಿಸುತ್ತೇನೆ ಅಂತ ಹಟ ಹಿಡಿದೆ. ಒಂದೆರಡು ದಿನ ಬಿಟ್ಟು ಅಪ್ಪ ತಾನೇ ನಿಂತು ಚೀಲಗಳನ್ನು ಹೊರಗೆ ಹಾಕಿಸಿದ. ಇಷ್ಟು ಸುಲಭಕ್ಕೆ ಒಪ್ಪಿದನಲ್ಲ ಅಂತ ನನಗೆ ಅನುಮಾನವೇ. ಒಂದು ನೆಪ ಸಿಕ್ಕರೆ ಸಾಕು, ಬಾಗಿಲು ಹಾಕಿಸಿ ನನ್ನನ್ನು ಮತ್ತೆ ಉಪ್ಪಿಟ್ಟಿನ ತಟ್ಟೆ ಮುಂದೆ ನಿಲ್ಲಿಸುತ್ತಾನೆ ಅಂದುಕೊಂಡಿದ್ದೆ.

ಕಂಪ್ಯೂಟರನ್ನು ಜೋಡಿಸಿಕೊಟ್ಟವನು ಮಾರುತಿ. ಚಿತ್ರದುರ್ಗದಲ್ಲಿ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯೊಂದರಲ್ಲಿ ಅಂಗಡಿ ಇಟ್ಟಿದ್ದ. ಬಿಡಿ ಭಾಗಗಳನ್ನು ಬಸ್ಸಿನಲ್ಲೇ ತಂದು, ನಮ್ಮ ಕಣ್ಣೆದುರಿಗೇ ಒಂದೊಂದಾಗಿ ಕೂರಿಸಿದ. ನನ್ನನ್ನು 'ಮೇಡಂ' ಅಂತ ಕರೆದ ಮೊದಲನೆಯ ಮನುಷ್ಯ ಅವನು, ಅದಕ್ಕೇ ನನಗೆ ಅವನ ಮೇಲೆ ಸ್ವಲ್ಪ ವಿಶ್ವಾಸ ಜಾಸ್ತಿ. ಪ್ರೊಸೆಸರ್ ಬಂದ ಪುಟ್ಟ ಪೆಟ್ಟಿಗೆಯ ಮೇಲೆ ಅದರ ವೇಗ ಬರೆದಿತ್ತು: 1333. ಯಂತ್ರ ಶುರುವಾದ ಕೂಡಲೇ ಕಪ್ಪು ಪರದೆಯ ಮೇಲೂ ಅದೇ ಅಂಕಿ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಎರಡನ್ನೂ ತಾಳೆ ನೋಡಿ ತಲೆಯಾಡಿಸಿದ.

ಆ ಮಳಿಗೆಯ ನೆನಪಾದರೆ ಈಗಲೂ ಮೊದಲು ಮೂಗಿಗೆ ಬರುವುದು ಕೊಬ್ಬರಿ ವಾಸನೆ. ಸುಣ್ಣ ಹೊಡೆಸಿದರೂ ಅದು ಹೋಗಲಿಲ್ಲ. ಬೀಸುಕಲ್ಲಿನಷ್ಟು ಭಾರದ ಗಾಜಿನ ಮಾನಿಟರು, ಅದಕ್ಕೆ ಅವ್ವ ಜಯಕ್ಕ ಹೊಲಿದಿದ್ದ ಹೂವಿನ ಗೌಸು, ಹೊಸಿಲಾಚೆ ಬಿಟ್ಟ ಚಪ್ಪಲಿಗಳು, ಕಿಟಕಿಯಲ್ಲಿ ಇಣುಕಿ 'ಒಂದ್ಸಲ ನಮ್ಮ ಹೆಸ್ರು ಹೊಡೀರಿ' ಅನ್ನುತ್ತಿದ್ದ ಜನ. ಒಬ್ಬರ ಹೆಸರು ಪರದೆಯ ಮೇಲೆ ಮೂಡಿದರೆ ಹಿಂದೆ ನಿಂತವರೆಲ್ಲ ಅವರನ್ನೇ ಹೊಸದಾಗಿ ನೋಡುತ್ತಿದ್ದರು. ಅಂಥ ಕಾಲ ಅದು. ಈಗ ಯಾರಿಗೂ ಅಷ್ಟಕ್ಕೆಲ್ಲ ಸಂತೋಷವಾಗುವುದಿಲ್ಲ.

ಯಂತ್ರ ಜೋಡಿಸಿದ ಮಾರನೆಯ ದಿನ ನಾನು ಅಡಿಗೆ ಕೆಲಸ ಮುಗಿಸಿ ಮಳಿಗೆಗೆ ಹೋಗುವಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಬೆಳಗಾದರೆ ತೋಟಕ್ಕೆ ಹೋಗುವ ಮುಂಚೆ ಬಂದು ಬಾಗಿಲು ತೆಗೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಶುರು ಮಾಡಿಡುವುದು ತನ್ನ ಕೆಲಸ ಅಂತ ಅವನೇ ಹೇಳಿಕೊಂಡಿದ್ದ.

"ಇವತ್ತು ಇದ್ರಲ್ಲಿ ಸಾವ್ರ ಅಂತ ಬಂತು. ಪೆಟ್ಗೆ ಮ್ಯಾಲೆ ಸಾವ್ರದ ಮುನ್ನೂರ ಮೂವತ್ಮೂರು ಐತೆ. ಮಿಕ್ಕಿದ್ದು ಎಲ್ಲಿ?" ಅಂದ.

ನಾನು ಆರಿಸಿ ಮತ್ತೆ ಹಾಕಿದೆ. ನಿಜ, 1000. ಫೋನ್ ಬೂತಿಗೆ ಓಡಿ ಮಾರುತಿಗೆ ಹೇಳಿದೆ. ಅವನು ಮಧ್ಯಾಹ್ನದ ಬಸ್ಸಿಗೆ ಬಂದ.

"ಪ್ರೊಸೆಸರ್ ತಾನಾಗೇ ಓಡಲ್ಲ ಮೇಡಂ. ಅದು ಕೂತಿರೋ ಈ ಬೋರ್ಡು ಅದಕ್ಕೆ ತಾಳ ಹಾಕ್ತೈತೆ. ನೂರ ಮೂವತ್ಮೂರು ಚಿಲ್ರೆಯ ತಾಳ ಹಾಕಿದ್ರೆ ಅದು ಹತ್ತರಷ್ಟು ಓಡ್ತೈತೆ. ಬೋರ್ಡು ನೂರರ ತಾಳ ಹಾಕಿದ್ರೆ ಸಾವ್ರಕ್ಕೇ ನಿಲ್ತೈತೆ" ಅಂತ ವಿವರಿಸಿ, ನೀಲಿ ಪರದೆಯ ಮೆನುವಿನೊಳಗೆ ಹೋಗಿ ನೂರನ್ನು ನೂರ ಮೂವತ್ತಮೂರು ಮಾಡಿದ. 1333 ಬಂತು. ಅವನು ಚಹಾ ಕುಡಿದು ಹೋದ.

ಮರುದಿನ ಬೆಳಗ್ಗೆ ಮತ್ತೆ ಸಾವಿರ.

ಮಾರುತಿ ಮತ್ತೆ ಬಂದ. ಹೇಳಿದ್ದನ್ನು ಬೋರ್ಡು ಮರೆಯುತ್ತಿದೆ ಅಂತ ಅದರ ಮೇಲಿನ ಗುಂಡಿಯಂಥ ಬ್ಯಾಟರಿ ಬದಲಿಸಿದ. ಸಂಜೆಯವರೆಗೆ ಸರಿ ಇತ್ತು. ಬೆಳಗಾದರೆ ಸಾವಿರ. ಬಿಸಿ ಜಾಸ್ತಿಯಾಗಿರಬೇಕು ಅಂತ ಇನ್ನೊಂದು ಸಲ ಬಂದು ಫ್ಯಾನ್ ಬಿಚ್ಚಿ, ಶಾಖ ಎಳೆಯುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಅವನಿದ್ದಷ್ಟು ಹೊತ್ತು ಯಂತ್ರ ಸಾಕಿದ ನಾಯಿಯ ಹಾಗೆ ಹೇಳಿದ ಮಾತು ಕೇಳುತ್ತಿತ್ತು. ಅವನ ಬಸ್ಸು ಹೋಗಿ ಒಂದು ರಾತ್ರಿ ಕಳೆದರೆ ಮತ್ತೆ ಅದೇ ರಾಗ.

"ಅವ್ನು ಬಂದಾಗ ಸರಿ, ಹೋದ್ಮ್ಯಾಲೆ ಕಡಿಮೆ. ಇದೇನು ಗಾರುಡಿ ವಿದ್ಯೆನಾ? ಹಳೇ ಮಾಲು ತಂದು ಹೊಸ ಪೆಟ್ಗೆ ತೋರ್ಸವ್ನೆ" ಅಂತ ಅಪ್ಪ ಹೋಟೆಲಿನಲ್ಲಿ ಕೂತು ಊರಿಗೆಲ್ಲ ಸಾರಿದ. ನನಗೆ ರೇಗಿಹೋಯಿತು.

"ಸಾವ್ರದಲ್ಲೂ ಲಗ್ನಪತ್ರಿಕೆ ಟೈಪಾಗ್ತೈತಪ್ಪ. ಬಿಟ್ಬಿಡು ಅತ್ಲಾಗೆ" ಅಂದೆ.

"ಯಾಕ್ ಬಿಡ್ಬೇಕು? ಪೂರಾ ಬೆಲೆ ಕೊಟ್ಟಿಲ್ವಾ ನಾವು?" ಅಂದವನೇ ಮುಂದಿನ ಸಲ ಮಾರುತಿ ಬಂದಾಗ ಅವನೆದುರಿಗೇ ಖಡಾಖಂಡಿತವಾಗಿ ಹೇಳಿದ: "ನೋಡಪ್ಪ, ಇದೇ ಕಡೇ ಸಲ. ಇವತ್ತು ನಮ್ಮನೇಲೇ ಉಳ್ಕ. ಬೆಳಗ್ಗೆ ಸಾವ್ರ ಬಂತು ಅಂದ್ರೆ ಇದನ್ನ ಬಿಚ್ಕಂಡು ಅದೇ ಬಸ್ಸಿಗೆ ನಡಿ. ನಾನು ಮಳ್ಗೆಗೆ ಕೊಬ್ರಿ ತುಂಬ್ತೀನಿ."

ಕೊಬ್ಬರಿ ಅಂದ ಕೂಡಲೇ, ಕೊನೆಗೂ ನೆಪ ಸಿಕ್ಕಿತಲ್ಲ ಇವನಿಗೆ ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮಾರುತಿಯನ್ನು ಮೋಸಗಾರ ಅನ್ನುತ್ತಲೇ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸಿದ. ಪಾಪ, ಅವನು ತಲೆ ಬಗ್ಗಿಸಿಕೊಂಡು ಎರಡನ್ನೂ ನುಂಗಿದ. ನಾನು ಅರ್ಧಕ್ಕೇ ಎದ್ದು ಕೈ ತೊಳೆದೆ.

ಬೆಳಗ್ಗೆ ನಾವು ಮೂವರೂ ಒಟ್ಟಿಗೆ ಮಳಿಗೆಗೆ ಹೋದೆವು. ಅಪ್ಪ ಕದ ತೆಗೆದು, ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ, ಕಂಪ್ಯೂಟರಿನ ಗುಂಡಿ ಒತ್ತಿದ. ಒಳಗಿನ ಫ್ಯಾನ್ ತಿರುಗಿತು. ಅಪ್ಪ ಬಗ್ಗಿ ಡಬ್ಬಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೇಳಿದ. ಪರದೆಯ ಮೇಲೆ ಅಕ್ಷರ ಮೂಡುವ ಮುಂಚೆಯೇ ಮತ್ತೆ ಗುಂಡಿ ಒತ್ತಿದ. ಯಂತ್ರ ಆರಿತು. ಒಂದು ಉಸಿರು ತಡೆದು ಮೂರನೆಯ ಸಲ ಒತ್ತಿ, ನೆಟ್ಟಗೆ ನಿಂತು, ಪರದೆ ನೋಡಿದ.

"ಬಂತು ನೋಡು ನಿನ್ನ ಸಾವ್ರ" ಅಂದ.

ಮಾರುತಿ ಪರದೆ ನೋಡಲೇ ಇಲ್ಲ. ಅಪ್ಪನ ಕೈಯನ್ನೇ ನೋಡುತ್ತಿದ್ದ. "ಯಜಮಾನ್ರೆ, ಈಗ ಒತ್ತಿ ಆರ್ಸಿದ್ರಲ್ಲ, ಯಾಕೆ?"

"ಸದ್ದು ನೋಡ್ದೆ."

"ದಿನಾ ಹಿಂಗೇನಾ?"

"ಮತ್ತಿನ್ನೆಂಗೆ? ಸದ್ದು ನೋಡ್ದೆ ಯಾರಾದ್ರೂ ಮೋಟ್ರು ಬಿಡ್ತಾರಾ?"

ನನಗೆ ಆಗ ಹೊಳೆಯಿತು. ನಮ್ಮ ಕಡೆ ಬೋರ್‌ವೆಲ್ ಇರುವವರೆಲ್ಲ ಹೀಗೇ. ಮೂರು ಫೇಸಿನಲ್ಲಿ ಒಂದು ಇಲ್ಲದಿದ್ದರೆ ಮೋಟಾರು ತಿರುಗದೆ ಗುಂಯ್ ಅನ್ನುತ್ತದೆ, ಹಾಗೇ ಬಿಟ್ಟರೆ ಸುಟ್ಟು ಹೋಗುತ್ತದೆ. ಅದಕ್ಕೇ ಹಸಿರು ಗುಂಡಿ ಒತ್ತಿ, ಸದ್ದು ಕೇಳಿ, ಕೆಂಪು ಒತ್ತಿ ನಿಲ್ಲಿಸಿ, ಆಮೇಲೆ ಧೈರ್ಯವಾಗಿ ಮತ್ತೆ ಹಸಿರು ಒತ್ತುತ್ತಾರೆ. ಅಪ್ಪನ ಕೈ ಎಷ್ಟೋ ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿತ್ತು.

ಮಾರುತಿ ಗೋಡೆಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟ. "ಶುರುವಾಗೋವಾಗ ಮಧ್ಯದಲ್ಲಿ ನಿಂತ್ರೆ, ಇಷ್ಟು ವೇಗ ತಡ್ಕಳಕ್ಕೆ ಆಗ್ಲಿಲ್ಲ ಅಂತ ಈ ಬೋರ್ಡು ತಿಳ್ಕಂತೈತೆ ಯಜಮಾನ್ರೆ. ಸುಟ್ಗಿಟ್ಟು ಹೋದೀತು ಅಂತ ಮುಂದಿನ ಸಲ ತಾನೇ ಸಣ್ಣ ತಾಳ ಹಾಕ್ತೈತೆ. ಅದೂ ನಿಮ್ಮಂಗೇ ಹೆದ್ರಿಕೆ ಆಸಾಮಿ."

ಇಷ್ಟು ದಿನ ಊರೆಲ್ಲ ಕೂಗಾಡಿ ಒಬ್ಬನ ಮರ್ಯಾದೆ ಕಳೆದವನನ್ನು ಬೈಯಲು ನಾನು ಬಾಯಿ ತೆಗೆದೆ. ಆದರೆ ಅಪ್ಪನ ಮುಖ ಬಿಳಿಚಿಕೊಂಡಿತ್ತು.

"ಏನಾದ್ರೂ ಸುಟ್ಟೈತಾ?" ಅಂತ ಮೆಲ್ಲಗೆ ಕೇಳಿದ.

"ಇಲ್ಲ, ಏನೂ ಆಗಿಲ್ಲ" ಅಂದ ಮಾರುತಿ.

ಅಪ್ಪ ಸ್ಟೂಲಿನ ಮೇಲೆ ಕುಳಿತ. "ನನ್ನ ಮೋಟ್ರು ಸುಟ್ರೆ ಮತ್ತೆ ತಂತಿ ಸುತ್ತಿಸ್ಕಂಡು ಬರ್ತೀನಿ. ಇದು ನನ್ನ ಮಗಳು ಮೇಘನ ಸಾಮಾನು. ಇದು ಹೋತು ಅಂದ್ರೆ ಮತ್ತೆ ಮನೇಲಿ ಮೂಲೆ ಹಿಡ್ದು ಕುಂತ್ಕಂತಾಳೆ. ಎರಡು ವರ್ಷ ಅವಳ ಮುಖ ನೋಡಕ್ಕಾಗ್ತಿರ್ಲಿಲ್ಲ ನಂಗೆ. ಅದಕ್ಕೇ ಅವಳು ಬರೋಕೆ ಮುಂಚೆ ನಾನೇ ಬಂದು ಹಾಕಿ ನೋಡ್ತಿದ್ದೆ."

"ವಾಪಸ್ ಕಳಿಸ್ತೀನಿ, ಕೊಬ್ರಿ ತುಂಬ್ತೀನಿ ಅಂದ್ಯಲ್ಲಪ್ಪ?" ಅಂದೆ.

"ಅದು ಇವ್ನು ಹೆದರ್ಲಿ ಅಂತ. ನೀನ್ಯಾಕೆ ಹೆದ್ರಿದೆ?"

ನಾನು ಮುಖ ತಿರುಗಿಸಿಕೊಂಡು ಅತ್ತೆ. ಮನೆಯಲ್ಲಿ ಕೂತ ಆ ಎರಡು ವರ್ಷ ನನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ. ಅಪ್ಪನ ಮೇಲೆ ಅಷ್ಟು ಪ್ರೀತಿ ಬಂದದ್ದು ಅದಕ್ಕೆ ಮುಂಚೆ ನನಗೆ ನೆನಪಿಲ್ಲ.

"ಇನ್ಮ್ಯಾಲೆ ಒಂದೇ ಸಲ ಒತ್ರಿ, ಸಾಕು" ಅಂದ ಮಾರುತಿ.

"ನಾನು ಮುಟ್ಟದೇ ಇಲ್ಲ ಬಿಡಪ್ಪ. ಅವಳೇ ಬಂದು ಹಾಕ್ಕಂತಾಳೆ" ಅಂತ ಅಪ್ಪ ಎದ್ದು ಟವೆಲು ಕೊಡವಿಕೊಂಡ. ಹೋಟೆಲಿನ ಕಡೆ ಹೊರಟ, ಅಲ್ಲಿ ಆಡಿದ್ದ ಮಾತನ್ನು ಅಲ್ಲೇ ವಾಪಸ್ ತೆಗೆದುಕೊಳ್ಳಲು.

ಅವನು ಹೋದ ಮೇಲೆ ಮಾರುತಿಯನ್ನು ಕೇಳಿದೆ, "ಅಪ್ಪ ಆರ್ಸಿ ಹಾಕಿದ್ರೂ ವೇಗ ಕಡಿಮೆ ಆಗ್ದಂಗೆ ಮಾಡಕ್ಕಾಗಲ್ವಾ?"

ಅವನು ಸ್ವಲ್ಪ ಯೋಚಿಸಿ ಡಬ್ಬಿ ಬಿಚ್ಚಿದ. ಬೋರ್ಡಿನ ಮೂಲೆಯಲ್ಲಿ ಸಣ್ಣ ಕಡ್ಡಿಗಳಿದ್ದವು, ಎರಡಕ್ಕೆ ಸೇರಿಸಿ ಅಕ್ಕಿಕಾಳಿನಷ್ಟು ಟೊಪ್ಪಿಗೆ ಹಾಕಿತ್ತು. ಮೆನುವಿನಲ್ಲೇ ಕೆಲಸ ಆಗುತ್ತಿದ್ದುದರಿಂದ ಅದನ್ನು ಯಾರೂ ಮುಟ್ಟುತ್ತಿರಲಿಲ್ಲವಂತೆ. ಅವನು ಅದನ್ನು ಕಿತ್ತು, ನೂರ ಮೂವತ್ತಮೂರರ ತಾಳಕ್ಕೆಂದೇ ಇದ್ದ ಪಕ್ಕದ ಕಡ್ಡಿಗಳಿಗೆ ಹಾಕಿದ. ಇನ್ನು ಬೋರ್ಡಿಗೆ ಹೆದರಿಕೆಯಾದರೂ ತಾಳ ಇಳಿಸಲು ದಾರಿಯಿಲ್ಲ ಅಂದ. ನಾನೇ ಹಾಕಿ, ಆರಿಸಿ, ಹಾಕಿ ನೋಡಿದೆ. 1333.

ಸಂಜೆ ಮನೆಯಲ್ಲಿ ಅಪ್ಪ ಮಳಿಗೆಯ ಬೀಗದ ಕೈಯನ್ನು ನನ್ನ ಮುಂದೆ ಇಟ್ಟ. ನಾನು ಅದನ್ನು ಅವನ ಅಂಗಿಯ ಜೇಬಿಗೇ ಹಾಕಿದೆ.

"ಬೆಳಗ್ಗೆ ನೀನೇ ಹೋಗಪ್ಪ. ಸದ್ದು ನೋಡಿ ಹಾಕು."

"ಮತ್ತೆ ಸಾವ್ರಕ್ಕೆ ಇಳಿದ್ರೆ?"

"ಇಳಿಯಲ್ಲ. ನೀನು ನೋಡಿ ಹಾಕಿದ್ರೇ ನಂಗೆ ಧೈರ್ಯ."

ಅಪ್ಪ ಜೇಬನ್ನು ಒಂದು ಸಲ ಮುಟ್ಟಿ ನೋಡಿಕೊಂಡ. ಆಮೇಲೆ ಆ ಮಳಿಗೆಗೆ ಎಷ್ಟೋ ಹೊಸ ಯಂತ್ರಗಳು ಬಂದವು. ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ನಡೆಯುವ ಶಕ್ತಿ ಇದ್ದಷ್ಟು ಕಾಲವೂ ನಾನು ಅಲ್ಲಿಗೆ ಹೋದಾಗ ಬಾಗಿಲು ತೆಗೆದೇ ಇರುತ್ತಿತ್ತು.