ಆಮೆನ್ ನಂತರದ ಪೈ

ಮಿನ್ನೆಸೋಟದ ನಮ್ಮ ಲೂಥರನ್ ಕಾಲೇಜಿನಲ್ಲಿ ಬೆಳಗಿನ ಪ್ರಾರ್ಥನೆಗೆ ಬರಲೇಬೇಕೆಂಬ ನಿಯಮ ತೆಗೆದುಹಾಕಿದ್ದು ಐವತ್ತೇಳರ ಚಳಿಗಾಲದ ಆರಂಭದಲ್ಲಿ. ಹುಡುಗ ಹುಡುಗಿಯರ ಭಕ್ತಿಯ ನಿಜವಾದ ತೂಕ ಆಗ ಗೊತ್ತಾಯಿತು. ಪಾದ್ರಿ ಓಸ್ಟ್‌ಬಿ ಪ್ರಸಂಗಕ್ಕೆ ನಿಂತರೆ ಎದುರಿಗೆ ಖಾಲಿ ಬೆಂಚುಗಳು, ಪಕ್ಕದಲ್ಲಿ ಆರ್ಗನ್ ನುಡಿಸುವ ನಾನು, ಹೊರಗಿನ ಹಿಮಕ್ಕೆ ಹೆದರಿ ಒಳಬಂದ ನಾಲ್ಕಾರು ಮಂದಿ. ನಾನಾದರೂ ಸಂಬಳಕ್ಕೆ ಕೂತಿದ್ದೆ.

"ಜನ ಇಲ್ಲದಿದ್ರೆ ಏನಮ್ಮ, ದೇವರಿದ್ದಾನಲ್ಲ" ಅನ್ನುತ್ತಿದ್ದರು ಪಾದ್ರಿ. ಆದರೆ ಮುಕ್ಕಾಲು ಗಂಟೆಯ ಪ್ರಸಂಗದುದ್ದಕ್ಕೂ ಅವರ ಕಣ್ಣು ಬಾಗಿಲ ಮೇಲೆಯೇ.

ಅವರ ಸಂಕಟಕ್ಕೆ ಔಷಧಿ ಹೇಳಿದವರು ಮನಶ್ಶಾಸ್ತ್ರದ ಪ್ರೊಫೆಸರ್ ಕ್ವಾಮೆನ್. ಈ ಮಹಾಶಯರು ನೆಲಮಾಳಿಗೆಯಲ್ಲಿ ಪಾರಿವಾಳಗಳನ್ನು ಸಾಕಿದ್ದರು. ಗುಂಡಿ ಕುಕ್ಕಿದರೆ ಕಾಳು ಬೀಳುವ ಪೆಟ್ಟಿಗೆಗಳಲ್ಲಿ ಅವನ್ನು ಕೂರಿಸಿ, ಮನುಷ್ಯರ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡಿದ್ದರು.

"ತಪ್ಪು ಹುಡುಗರದ್ದಲ್ಲ ಪಾದ್ರಿಗಳೇ. ಬಂದವರಿಗೆ ನೀವೇನು ಕೊಡ್ತೀರಿ?"

"ನಿತ್ಯಜೀವ."

"ಯಾವಾಗ ಸಿಗುತ್ತೆ ಅದು?"

"ಸತ್ತ ಮೇಲೆ."

"ಬಹಳ ತಡ ಆಯ್ತು. ಕುಕ್ಕಿದ ಕೂಡ್ಲೇ ಕಾಳು ಬೀಳ್ಬೇಕು. ಇಲ್ಲಾಂದ್ರೆ ಪಾರಿವಾಳಾನೂ ಕಲಿಯಲ್ಲ."

ಪಾದ್ರಿಗೆ ಹೋಲಿಕೆ ಹಿಡಿಸಲಿಲ್ಲ. ತುಂಬಿದ ಬೆಂಚುಗಳ ಆಸೆ ಹಿಡಿಸಿತು. ಅಡುಗೆಮನೆಯ ಹೆಡ್ವಿಗ್ ಸೇಬಿನ ಹೂರಣ ತುಂಬಿ ಪೈ ಬೇಯಿಸುವುದು, ಪ್ರಸಂಗ ಮುಗಿದು 'ಆಮೆನ್' ಅಂದೊಡನೆ ಪಕ್ಕದ ಬಾಗಿಲಿಂದ ತಂದು ಹಂಚುವುದು ಎಂದಾಯಿತು.

"ದಿನಾ ಬೇಡ" ಎಂದರು ಪ್ರೊಫೆಸರ್. "ದಿನಾ ಕೊಟ್ರೆ, ನಿಲ್ಸಿದ ಮಾರನೇ ದಿನವೇ ಬರೋದು ಬಿಡ್ತಾರೆ. ಯಾವತ್ತು ಸಿಗುತ್ತೆ ಅಂತ ಗೊತ್ತಾಗ್ಲೇಬಾರ್ದು. ಆಗ ನೋಡಿ, ಹೇಗೆ ಅಂಟ್ಕೋತಾರೆ!"

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಗೋಡೆಗೊರಗಿ ನಿಲ್ಲಲೂ ಜಾಗವಿರಲಿಲ್ಲ. ಒಂದು ದಿನ ಆರ್ವಿಡ್ ಎಂಬ ದಢೂತಿ ಹುಡುಗ ಪ್ರಾರ್ಥನೆಯ ನಡುವೆ ಕೆಮ್ಮಿದ; ಅವತ್ತೇ ಪೈ ಬಂತು. ಮಾರನೆಯ ದಿನದಿಂದ ಅರ್ಧ ಸಭೆಗೆ ಕೆಮ್ಮು. ಇನ್ನು ಕೆಲವರು ಎಡಗೈಗೆ ಮಾತ್ರ ಕೈಗವಸು ಹಾಕಿ ಬರತೊಡಗಿದರು. ಇವರೆಲ್ಲ ಕಾಲೇಜು ಕಲಿಯುವ ಮಕ್ಕಳು. ಮಧ್ಯಾಹ್ನದ ತರಗತಿಯಲ್ಲಿ ಕಾಡುಜನರ ಮೂಢನಂಬಿಕೆಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದರು.

ಪಾದ್ರಿ ಬದಲಾದದ್ದನ್ನು ಕಂಡವಳು ನಾನೊಬ್ಬಳೇ. ಪ್ರಸಂಗ ಮುಗಿಯುವ ಸೂಚನೆ ಸಿಕ್ಕರೆ ಸಭೆಯ ಮುಖ ಅರಳುತ್ತಿತ್ತು. ಆ ಅರಳಿದ ಮುಖಗಳ ಆಸೆಗೆ ಅವರು ದಿನದಿನಕ್ಕೂ ಬೇಗ ಮುಗಿಸತೊಡಗಿದರು. ಪಾಪಿಗಳು ನರಕಕ್ಕೆ ತಲುಪಲು ಮೊದಲು ಅರ್ಧ ಗಂಟೆ ಬೇಕಾಗುತ್ತಿತ್ತು. ಈಗ ಐದೇ ನಿಮಿಷದಲ್ಲಿ ಹೋಗಿ, ಉದ್ಧಾರವೂ ಆಗಿ ಬರುತ್ತಿದ್ದರು.

ನಮ್ಮಲ್ಲಿ ಭಕ್ತಿ ಉಕ್ಕಿದೆಯೆಂಬ ಸುದ್ದಿ ಹಬ್ಬಿ, ಬಿಷಪ್ಪರೇ ನೋಡಲು ಬಂದರು. ಆರಂಭದ ಚಿಕ್ಕ ಪ್ರಾರ್ಥನೆ ಮುಗಿಸಿ ಅವರು "ಆಮೆನ್" ಎಂದರು. ಅಷ್ಟೂ ತಲೆಗಳು ಒಟ್ಟಿಗೇ ಪಕ್ಕದ ಬಾಗಿಲತ್ತ ತಿರುಗಿದವು. ಅಷ್ಟೂ ಗಂಟಲುಗಳು ಎಂಜಲು ನುಂಗಿದವು. ಪಾದ್ರಿಯದೂ ಸೇರಿತ್ತು.

ಬಿಷಪ್ಪರು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದರು: "ದೇವರ ಮನೇಲಿ ನಿನಗೇನು ಸಿಕ್ತು ಮಗಳೇ?"

"ಸೇಬಿನ ಪೈ ಸ್ವಾಮಿ. ದಿನಾ ಅಲ್ಲ."

ಪೈ ಅವತ್ತೇ ನಿಂತಿತು. ಪಾದ್ರಿ ತಲೆ ಮೇಲೆ ಕೈಹೊತ್ತು ಕೂತರೆ, ಪ್ರೊಫೆಸರಿಗೆ ಹಬ್ಬ. "ಕಾಳು ಸಿಗೋದು ನಿಂತಾಗ ಮೊದ್ಲು ಇನ್ನೂ ಜೋರಾಗಿ ಕುಕ್ತಾವೆ. ಕಾದು ನೋಡಿ!" ಹಾಗೆಯೇ ಆಯಿತು. ವಾರವಿಡೀ ಕಿಟಕಿಯ ಗಾಜು ಅದುರುವಂತೆ ಕೆಮ್ಮಿದರು, ಬೆಂಚು ಕುಟ್ಟಿದರು, ಆರ್ವಿಡ್ ಅಡುಗೆಮನೆಗೇ ನುಗ್ಗಿ ಹೆಡ್ವಿಗ್‌ಳ ಸೌಟಿನೇಟು ತಿಂದ. ಆದರೂ ಎಷ್ಟೋ ದಿನ ಬರುತ್ತಲೇ ಇದ್ದರು; ಇವತ್ತಿರಬಹುದು, ನಾಳೆ ಇರಬಹುದು ಎಂದು. ಈಸ್ಟರ್ ಹೊತ್ತಿಗೆ ಬೆಂಚುಗಳು ಮತ್ತೆ ಖಾಲಿ.

ಪಾದ್ರಿಗೆ ಮಾತ್ರ ಉದ್ದದ ಪ್ರಸಂಗ ಮತ್ತೆ ಬರಲೇ ಇಲ್ಲ. ಐದು ನಿಮಿಷಕ್ಕೆ ನಾಲಿಗೆ ತಾನಾಗಿ 'ಆಮೆನ್' ಅನ್ನುತ್ತಿತ್ತು. ಒಲೆಯ ಮೇಲೆ ಮಾಂಸ ಬೇಯಲಿಟ್ಟು, ಅದು ಸೀದೀತೆಂಬ ಆತಂಕದಲ್ಲೇ ಚರ್ಚಿಗೆ ಬರುವ ಸೇಂಟ್ ಪಾಲ್ ಪಟ್ಟಣದ ಸಿರಿವಂತರಿಗೆ ಇದು ಗೊತ್ತಾಗಿ, ಇಂಥ ಪಾದ್ರಿಯೇ ಬೇಕೆಂದು ತಮ್ಮ ದೊಡ್ಡ ಚರ್ಚಿಗೆ ಕರೆಸಿಕೊಂಡರು. ಅವರ ಚಿಂತನೆಯ ಗಾಂಭೀರ್ಯವನ್ನು ಅಲ್ಲಿ ಎಲ್ಲರೂ ಹೊಗಳುತ್ತಾರಂತೆ.

ಪ್ರೊಫೆಸರ್ ಕ್ವಾಮೆನ್ ಇಲ್ಲೇ ಇದ್ದಾರೆ. ಒಮ್ಮೆ ಕಾಲೇಜಿನ ಅಧ್ಯಕ್ಷರು ತಮ್ಮ ಕೋಣೆಯಿಂದ ಹೊರಬಂದು, "ಒಳ್ಳೇ ಕೆಲ್ಸ ಕಣ್ರೀ ಕ್ವಾಮೆನ್" ಎಂದು ಅವರ ಬೆನ್ನು ತಟ್ಟಿದ್ದರು. ಅಂದಿನಿಂದ ದಿನವೂ ಆ ಕೋಣೆಯ ಮುಂದೆ ಹ್ಯಾಟು ಕೈಯಲ್ಲಿ ಹಿಡಿದು ನಿಧಾನಕ್ಕೆ ನಡೆಯುತ್ತಾರೆ.

"ನೆಲಮಾಳಿಗೆಗೆ ಹೋಗೋಕೆ ಇದ್ಯಾವ ದಾರಿ ಪ್ರೊಫೆಸರ್ರೇ?" ಎಂದು ಕೇಳಿದೆ.

"ವ್ಯಾಯಾಮಮ್ಮ, ವ್ಯಾಯಾಮ."

"ಅವರು ಇವತ್ತು ಊರಲ್ಲಿಲ್ಲ."

"ಯಾರು?" ಎಂದವರೇ ಹ್ಯಾಟು ತಲೆಗೇರಿಸಿ ಸರಸರನೆ ಹೊರಟುಹೋದರು.