ಎಡಗಾಲಿನ ಚಪ್ಪಲಿ

ನೀಲಿ ಗೆರೆ ತಣ್ಣಗಿದೆ, ಬಲಗಾಲ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದ ಕಡೆ ಸಿಸ್ಟರ್ ಈಗಷ್ಟೇ ಎಳೆದು ಹೋದರು, ಅಲುಗಾಡಿಸ್ಬೇಡಿ ಕೋಕಿಲಾ, ಒಣಗಲಿ, ಆದರೆ ನೋಯುವುದು ಎಡಗಾಲು, ಬಲಗಾಲು ಬರೀ ಸೊಟ್ಟ, ಎಡಗಾಲು ಸೊಟ್ಟವೂ ಹೌದು ನೋವೂ ಹೌದು — ರಾಜಾಜಿನಗರದ ಸ್ಕೂಲಿನಲ್ಲಿ ಬೋರ್ಡಿನ ಮುಂದೆ ನಿಂತೂ ನಿಂತೂ, ಆಮೇಲೆ ವಿಜಯನಗರದವರೆಗೆ ಬಸ್ಸಿನಲ್ಲೂ ನಿಂತು, ಚಪ್ಪಲಿ ಕಿತ್ತೆಸೆಯೋಣ ಅನ್ನಿಸುವಂಥ ನೋವು — ಹಾಗಿದ್ದರೆ ಗೆರೆ ಈ ಕಾಲಿಗೇಕೆ, ಅಮ್ಮ ಹೇಳಿದಳು, ಅದಕ್ಕೆ. ಬಲಗಾಲಿಗೆ ಆಪರೇಷನ್ ಮಾಡಿ ಡಾಕ್ಟ್ರೇ, ಅದೇ ತುಂಬಾ ನೋಯೋದು ಇವಳಿಗೆ. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಲ್ಲಿ ಕಡುಬು ತುರುಕಿಕೊಂಡವಳ ಹಾಗೆ. ಹೊರಗೆ ಬಂದ ಮೇಲೆ ಕೈ ಹಿಡಿದು ಪಿಸುಗುಟ್ಟಿದಳು, ವೈಶಾಖದಲ್ಲಿ ನಾಣಿ ಜೊತೆ ಮದುವೆ, ಸಪ್ತಪದೀಲಿ ಅವ್ರು ಹಿಡ್ಕೊಳ್ಳೋದು ಬಲಗಾಲಿನ ಹೆಬ್ಬೆರಳು ಕಣೇ, ಸಣೆಕಲ್ಲಿನ ಮೇಲೆ ಇಡಿಸೋದೂ ಅದನ್ನೇ, ಗಂಡಿನ ಕಡೆಯೋರೆಲ್ಲ ಬಗ್ಗಿ ನೋಡ್ತಾರೆ, ಎಡಗಾಲನ್ನ ಯಾರು ಕೇಳ್ತಾರೆ, ನೋವು ಆಮೇಲೂ ವಾಸಿ ಮಾಡ್ಕೋಬಹುದು. ಎರಡೂ ಒಟ್ಟಿಗೆ ಮಾಡಿಬಿಡಿ ಅಂದರೆ ಆಗಲ್ಲ, ಒಂದಾದ ಮೇಲೆ ಒಂದು, ಇಬ್ಬರು ಡಾಕ್ಟರೂ ಒಪ್ಪಿದ್ದು ಅದೊಂದರಲ್ಲೇ.

ಮಿಕ್ಕಿದ್ದರಲ್ಲಿ ಒಬ್ಬರು ಏರಿಗೆಳೆದರೆ ಇನ್ನೊಬ್ಬರು ನೀರಿಗೆ. ಹಿರಿಯರಾದ ವೆಂಕಟಗಿರಿ ಡಾಕ್ಟರು, ಬೆರಳಿನ ಬುಡದ ಮೂಳೆ ಒಂದಿಷ್ಟು ತೆಗೆದುಬಿಡೋಣಮ್ಮ, ಗಂಟನ್ನೂ ಕೆತ್ತೋಣ, ಬೇಗ ಓಡಾಡ್ತೀಯ, ಬೆರಳು ಸ್ವಲ್ಪ ಗಿಡ್ಡ ಆಗುತ್ತೆ, ಬಿಗಿ ಇರಲ್ಲ, ಅಷ್ಟೆ — ಬಿಗಿ ಇರಲ್ಲ ಅಂದರೆ, ನಾಣಿ ಎತ್ತಿದರೆ ನೆನೆದ ಬತ್ತಿಯ ಹಾಗೆ ಬಾಗುತ್ತದಾ? ಇಂಗ್ಲೆಂಡಿನಲ್ಲಿ ಕಲಿತು ಬಂದ ಜಗನ್ನಾಥ ಡಾಕ್ಟರು, ಕೀಲು ಮುಟ್ಟೋದೇ ಬೇಡ, ಅದರ ಹಿಂದಿನ ಮೂಳೆ ಕತ್ತರಿಸಿ ಸರಿಸಿ ಕೂರಿಸ್ತೀನಿ, ಬೆರಳು ನೆಟ್ಟಗೂ ಇರುತ್ತೆ ಗಟ್ಟಿಯಾಗೂ ಇರುತ್ತೆ, ಮೂಳೆ ಕೂಡೋವರೆಗೂ ಪ್ಲಾಸ್ಟರ್ — ಕೂಡೋವರೆಗೂ ಅಂದರೆ ವೈಶಾಖ ಕಳೆಯುವವರೆಗಾ, ಪ್ಲಾಸ್ಟರ್ ಸುತ್ತಿದ ಕಾಲು ಸಣೆಕಲ್ಲಿನ ಮೇಲೆ, ಗಿಡ್ಡ ಬೆರಳು, ಗಟ್ಟಿ ಬೆರಳು, ಯಾವುದು, ನೋಯುವುದು ಎಡಗಾಲು ತಾನೆ, ನಾನೂ ಯಾಕೆ ಬಲಗಾಲಿನ ಯೋಚನೆಯಲ್ಲೇ ಬಿದ್ದಿದ್ದೇನೆ. ನಾಣಿ ನನ್ನ ಕಾಲು ನೋಡಿಲ್ಲ. ನೋಡಿಲ್ಲವಾ? ಹೆಣ್ಣು ನೋಡಲು ಬಂದ ದಿನ ಸೀರೆ ಪಾದ ಮುಚ್ಚಿತ್ತು, ಆದರೆ ಬಾಗಿಲ ಹತ್ತಿರ ನನ್ನ ಚಪ್ಪಲಿ, ಗಂಟಿಗೆ ಉಜ್ಜದಿರಲಿ ಅಂತ ಪಕ್ಕದಲ್ಲಿ ಕತ್ತರಿಸಿದ ಎಡಗಾಲಿನ ಚಪ್ಪಲಿ, ಹೊರಡುವಾಗ ನಾಣಿ ತಮ್ಮದನ್ನು ಹುಡುಕುತ್ತ ಅದನ್ನು ಕೈಗೆತ್ತಿಕೊಂಡರು, ಕತ್ತರಿಸಿದ ಕಡೆ ಬೆರಳಾಡಿಸಿದರು, ತುಂಬಾ ನೋಯುತ್ತಾ ಅಂದರು. ಯಾರನ್ನು ಕೇಳಿದರೋ, ನನ್ನ ಬಾಯಿ ಅರ್ಧ ತೆರೆದಿತ್ತು, ಅಷ್ಟರಲ್ಲಿ ಅಮ್ಮ, ಅಯ್ಯೋ ಅದು ನಂದು, ವಯಸ್ಸಾಯ್ತಲ್ಲ ಅಂದುಬಿಟ್ಟಳು.

ಸಿಸ್ಟರ್ ಮತ್ತೆ ಬಂದರು, ಯಾವ ಡಾಕ್ಟರ ಹತ್ರ ಮಾಡಿಸ್ತೀರಿ, ಬೇಗ ಹೇಳಿ, ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಗಿಡ್ಡ, ಗಟ್ಟಿ, ಬಲ, ಎಡ, ಭಯವಾಗುತ್ತಿದೆ ನನಗೆ, ಎಡಗಾಲು ಅಂದೆ, ಜೋರಾಗಿ ಅಂದೆನಾ, ಸಿಸ್ಟರ್ ತಲೆ ಎತ್ತಲಿಲ್ಲ, ಅಂದಿಲ್ಲ ಹಾಗಾದರೆ, ನೀಲಿ ಗೆರೆ ಒಣಗಿದೆ, ಸೀರೆಯೊಳಗೆ ಎಡಗಾಲು ಮಿಡಿಯುತ್ತಿದೆ, ಬೆಂಚಿನ ಕೆಳಗೆ ಕತ್ತರಿಸಿದ ಚಪ್ಪಲಿ, ಅದರ ಮೇಲೆ ಅವರ ಬೆರಳು, ತುಂಬಾ ನೋಯುತ್ತಾ, ಚಪ್ಪಲಿಯ ಮೇಲೆ ಅವರ ಬೆರಳು, ತುಂಬಾ ನೋಯುತ್ತಾ —