ಹೆಸ್ಟರ್ ಹಳ್ಳ

ಭೂಮಾಪಕ ಆಂಬ್ರೋಸ್ ಪೆಲ್ ಆರು ವರ್ಷಗಳಿಂದ ಗವರ್ನರರ ಸರ್ಕಾರಕ್ಕಾಗಿ ಕಾಡು ಅಳೆಯುತ್ತಿದ್ದ. ಎಷ್ಟೋ ಹಳ್ಳಗಳಿಗೆ ಹೆಸರಿಟ್ಟಿದ್ದ. ಹೆಚ್ಚಿನವು ಈ ನೆಲವನ್ನು ಕಣ್ಣಿಂದಲೂ ಕಾಣದ ಲಂಡನ್ನಿನ ದೊಡ್ಡವರ ಹೆಸರುಗಳು. ಮನೆ ಹಿಂದಿನ ಈ ಹಳ್ಳಕ್ಕೆ ಮಾತ್ರ ಮಗಳ ಹೆಸರು ಬರೆದ. ಏಳು ವರ್ಷದ ಹೆಸ್ಟರ್ ಜ್ವರದಿಂದ ತೀರಿಕೊಂಡಾಗ ಅದರ ದಂಡೆಯಲ್ಲೇ ಮಣ್ಣು ಮಾಡಿದ್ದರು. ಮುಂದಿನ ನೆರೆ ದಂಡೆಯನ್ನೇ ಕೊಚ್ಚಿಕೊಂಡು ಹೋಯಿತು, ಗೋರಿ, ಶಿಲುಬೆಯ ಸಮೇತ.

“ನಕಾಶೆಯಲ್ಲಾದ್ರೂ ಇರ್ಲಿ ಕಣ್ರೀ ಅವಳು. ಯಾರಾದ್ರೂ ಹೆಸರು ಹೇಳ್ತಾ ಇರ್ಲಿ,” ಎಂದಿದ್ದಳು ಹೆಂಡತಿ ಡಾರ್ಕಸ್.

ನಕಾಶೆ ಸಿಡ್ನಿಗೆ ಹೊರಡುವ ದಿನ ಬೆಳಿಗ್ಗೆ ಪೆಲ್ ಅದನ್ನು ಕುರಾಲನಿಗೆ ತೋರಿಸಿದ. ಕುರಾಲ್ ಆ ನೆಲದ ಮೂಲನಿವಾಸಿ, ಪೆಲ್‌ಗೆ ಕಾಡಿನಲ್ಲಿ ದಾರಿ ತೋರಿಸುತ್ತಿದ್ದವನು. ಹೆಸ್ಟರಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು.

“ಈ ಹಳ್ಳ ಇಷ್ಟು ನೆಟ್ಟಗೆ ಯಾವತ್ತು ಹರೀತು ದೊರೆ? ನಿಮ್ಮ ಅಳತೆ ಸರಪಳಿ ಕಂಡು ಹೆದರಿತೇನೋ!”

“ನಗಬೇಡ್ವೋ. ಹೆಸರು ಕೇಳು. ಹೆಸ್ಟರ್ ಹಳ್ಳ.”

ಕುರಾಲ್ ಎರಡೂ ಕಿವಿ ಮುಚ್ಚಿಕೊಂಡ. ಮಗು ಹೋದಂದಿನಿಂದ ಅವನು ಒಮ್ಮೆಯೂ ಆ ಹೆಸರು ಎತ್ತಿರಲಿಲ್ಲ. ಮರೆತೇ ಬಿಟ್ಟನಲ್ಲ ಎಂದು ಪೆಲ್ ಒಳಗೊಳಗೇ ನೊಂದಿದ್ದ.

“ಸತ್ತೋರನ್ನ ಹೆಸರು ಹಿಡಿದು ಕರೀಬಾರದು ದೊರೆ. ಕರೆದ್ರೆ ತಿರುಗಿ ನೋಡ್ತಾರೆ, ಹೋಗೋ ಕಡೆ ಹೋಗಲ್ಲ. ನನ್ನ ತಮ್ಮ ಹೋದಾಗ, ಅವನ ಹೆಸರೇ ಇದ್ದ ಹಕ್ಕಿಗೆ ನಾವು ಬೇರೆ ಹೆಸರು ಹುಡುಕ್ಕೊಂಡ್ವಿ. ನೀವು ಬರೆದಿಟ್ರೆ, ನಾಳೆ ದನ ಹೊಡೆಯೋ ಕುಡುಕರೆಲ್ಲ ಅವಳನ್ನ ಕೂಗ್ತಾರೆ. ನಮ್ಮ ಮಗು ಮಲಗೋದು ಯಾವಾಗ?”

ನಮ್ಮ ಮಗು ಎಂದಿದ್ದ.

ಪೆಲ್ ಇದನ್ನೆಲ್ಲ ನಂಬುವವನಲ್ಲ. ಆದರೂ ಜ್ವರದ ಆ ಹತ್ತು ದಿನ ಅವಳು ನಿದ್ದೆಯಿಲ್ಲದೆ ನರಳಿದ್ದು ನೆನಪಾಯಿತು. ಒಂದು ವೇಳೆ ಇವನ ಮಾತೇ ನಿಜವಾದರೆ? ಚಾಕು ತೆಗೆದು, ಶಾಯಿಯನ್ನು ಅಕ್ಷರ ಅಕ್ಷರವಾಗಿ ಕೆರೆದ. ಕಾಗದ ತೆಳ್ಳಗಾಯಿತು.

ಚಹಾ ತಂದ ಡಾರ್ಕಸ್ ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಅಳಿಸಿಬಿಟ್ರಾ?”

“ಮಲಗ್ಲಿ ಅಂತ ಕಣೇ...”

“ನೆರೆ ಒಂದ್ಸಲ ಅಳಿಸ್ತು. ಈಗ ನೀವು.”

ಅವಳು ಹಳ್ಳದ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವಳ ದನಿ ಕೇಳಿಸಿತು. ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವ ದನಿ.

“ಹೆಸ್ಟರ್! ಹೆಸ್ಟರ್!”

ಕುರಾಲ್ ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಪೆಲ್‌ಗೆ ಅವಳನ್ನು ತಡೆಯುವ ಬಾಯಿಯೂ ಇರಲಿಲ್ಲ, ಅವಳ ಜೊತೆ ಕೂಗುವ ಧೈರ್ಯವೂ ಇರಲಿಲ್ಲ. ಅವನು ಬಾಗಿಲ ಕಡೆ ತಿರುಗಿ ನೋಡಿದ, ಮಗು ಬಂದೇ ಬಿಡುತ್ತದೇನೋ ಎಂಬಂತೆ.